ಮಾತಾಡದ ಅಕ್ಷರಗಳ ಮನೆತನ

ದಕ್ಷಿಣ ಫ್ರಾನ್ಸಿನ ತುಲೂಜ್‌ಗೆ ಬಂದು ನಮಗಿದು ಆರನೇ ವರ್ಷ. ಮಗ ಮನೆ ಹತ್ತಿರದ ಶಾಲೆಯಲ್ಲಿ ಎರಡನೇ ತರಗತಿ ಓದುತ್ತಾನೆ. ಹೋದ ತಿಂಗಳು ಒಂದು ಸಂಜೆ ಅವನ ನೋಟ್‌ಬುಕ್ಕು ತೆಗೆದರೆ ‘ಅಬ್ರಿ’ ಎಂಬ ಪದದ ಬಾಲಕ್ಕೆ ಕೆಂಪು ಶಾಯಿಯ ಗೆರೆ ಬಿದ್ದಿತ್ತು. ಅಬ್ರಿ ಎಂದರೆ ಮಳೆ ಬಂದಾಗ ಓಡಿಹೋಗಿ ನಿಲ್ಲುವ ಸೂರು, ಆಸರೆ. ಅದಕ್ಕೆ ಕೊನೆಯಲ್ಲೊಂದು ‘ಟಿ’ ಹಚ್ಚಿ ಬರೆದಿದ್ದ.

“ಅಮ್ಮಾ, ಮೇತ್ರೆಸ್ ಹೇಳಿಕೊಟ್ಟ ಹಾಗೇ ಮಾಡಿದ್ದೆ,” ಎಂದ. ಗಂಟಲು ತುಂಬಿ ಬಂದಿತ್ತು. ಮೇತ್ರೆಸ್ ಎಂದರೆ ಅವರ ಟೀಚರು.

ಹೇಳಿಕೊಟ್ಟ ಹಾಗೇ ಮಾಡಿದ್ದ, ನಿಜ. ಫ್ರೆಂಚ್ ಪದಗಳ ಕೊನೆಯಲ್ಲಿ ಬರೆಯುವ ಆದರೆ ಉಚ್ಚರಿಸದ ವ್ಯಂಜನಗಳು ಬಹಳ. ‘ಗ್ರಾಂ’ ಎಂದರೆ ದೊಡ್ಡದು; ಬರೆಯುವಾಗ ಕೊನೆಗೊಂದು ‘ಡಿ’ ಇರುತ್ತದೆ, ಬಾಯಲ್ಲಿ ಇರುವುದಿಲ್ಲ. ಕಿವಿಗೆ ಬೀಳದ ಅಕ್ಷರ ಯಾವುದೆಂದು ಏಳು ವರ್ಷದ ಮಗು ಹೇಗೆ ತಿಳಿಯಬೇಕು? ಇಲ್ಲಿನ ಶಾಲೆಗಳಲ್ಲಿ ಅದಕ್ಕೊಂದು ಚಂದದ ಉಪಾಯ ಕಲಿಸುತ್ತಾರೆ: ಆ ಪದದ ಮನೆಯವರನ್ನು ಕರೆ. ಗ್ರಾಂ ಒಂದೇ ಬಂದರೆ ಬಾಯಿ ಬಿಡುವುದಿಲ್ಲ. ಆದರೆ ಅದರ ಸ್ತ್ರೀಲಿಂಗ ‘ಗ್ರಾಂದ್’, ಬೆಳೆಯುವುದು ಎಂಬ ‘ಗ್ರಾಂದೀರ್’, ದೊಡ್ಡತನ ಎಂಬ ‘ಗ್ರಾಂದರ್’ ಬಂದವೋ, ಎಲ್ಲರ ಬಾಯಲ್ಲೂ ದ ಕೇಳಿಸುತ್ತದೆ. ಹಾಗಾದರೆ ಗ್ರಾಂ ಬಳಿಯೂ ಅದು ಇದೆ, ಬರಿ. ಹಾಲಿಗೆ ‘ಲೆ’ ಎನ್ನುತ್ತಾರೆ, ಹಾಲಿನವನು ‘ಲೆತಿಯೇ’. ಹಾಗಾಗಿ ಲೆಯ ಕೊನೆಗೆ ‘ಟಿ’. ಹಲ್ಲಿಗೆ ‘ದಾಂ’, ದಂತವೈದ್ಯ ‘ದಾಂತಿಸ್ತ್’. ಅಲ್ಲೂ ‘ಟಿ’. ಸೀಸಕ್ಕೆ ‘ಪ್ಲೋಂ’, ಒಂದು ಕಾಲದಲ್ಲಿ ನಲ್ಲಿಯ ಕೊಳವೆಗಳೆಲ್ಲ ಸೀಸದವಾದ್ದರಿಂದ ಅದನ್ನು ರಿಪೇರಿ ಮಾಡುವವನು ‘ಪ್ಲೋಂಬಿಯೇ’. ಪ್ಲೋಂ ತನ್ನ ‘ಬಿ’ಯನ್ನು ಮುಚ್ಚಿಟ್ಟುಕೊಂಡಿದೆ, ಪ್ಲೋಂಬಿಯೇ ಅದನ್ನು ಹೊರಗೆ ತೆಗೆಯುತ್ತಾನೆ. ನಮ್ಮೂರಿನ ಪ್ಲಂಬರ್ ಕೂಡ ಆ ಬ ಅಕ್ಷರವನ್ನು ಸ್ಪಷ್ಟವಾಗಿಯೇ ಹೇಳುತ್ತಾನಲ್ಲ ಅನ್ನಿಸಿ ನನಗೆ ಖುಷಿಯಾಗಿತ್ತು.

ಇದಕ್ಕೆ ಇವರು ಪದಗಳ ಕುಟುಂಬ ಎನ್ನುತ್ತಾರೆ. ನನಗೆ ಮನೆತನ ಎಂಬ ಮಾತೇ ಹತ್ತಿರ. ಮನೆತನ ಎಂದರೆ ಬರೀ ಇರುವವರಲ್ಲ, ಹೋದವರೂ ಅದರಲ್ಲಿರುತ್ತಾರೆ.

ಮಗ ಅಬ್ರಿಯ ಮನೆಯವರನ್ನು ಕರೆದಿದ್ದ. ಆಸರೆ ಕೊಡುವುದಕ್ಕೆ ‘ಅಬ್ರಿತೇ’. ಅಲ್ಲಿ ತ ಇದೆ, ಆದ್ದರಿಂದ ಇಲ್ಲೂ ‘ಟಿ’ ಇರಬೇಕು. ತರ್ಕದಲ್ಲಿ ಲೋಪವೇ ಇಲ್ಲ. ಆದರೆ ಅಬ್ರಿ ಆ ತರ್ಕಕ್ಕೆ ಸಿಗದ ಪದ. ಒಡವೆ ಎಂಬ ‘ಬಿಜೂ’ ಕೂಡ ಹಾಗೇ: ಒಡವೆಯ ಅಂಗಡಿಯವನು ‘ಬಿಜೂತಿಯೇ’, ಆದರೆ ಬಿಜೂಗೆ ‘ಟಿ’ ಇಲ್ಲ. ಬಿಜೂ ಮೂಲದಲ್ಲಿ ಫ್ರೆಂಚಿನ ತಾಯಿಯಾದ ಲ್ಯಾಟಿನ್ನಿನ ಮನೆತನದ್ದೇ ಅಲ್ಲ. ಪಶ್ಚಿಮದ ಸಮುದ್ರ ತೀರದ ಬ್ರೆತಾಞ್ ಪ್ರಾಂತ್ಯದ ಬ್ರೆತೋಂ ಭಾಷೆಯಲ್ಲಿ ‘ಬೀಜ್’ ಎಂದರೆ ಬೆರಳು, ಅದರಿಂದ ಉಂಗುರಕ್ಕೆ ‘ಬಿಜೂ’. ಉಂಗುರ ಫ್ರೆಂಚಿಗೆ ಬಂದು ಎಲ್ಲ ಒಡವೆಗಳ ಹೆಸರಾಯಿತು. ಬಿಜೂತಿಯೇ ಎನ್ನುವಾಗ ಎರಡು ಸ್ವರಗಳ ನಡುವೆ ನಾಲಿಗೆ ನಿಲ್ಲಲಿ ಎಂದು ಬಂದು ಸೇರಿದ ತ ಅದು. ಕನ್ನಡದಲ್ಲಿ ಮನೆ ಮತ್ತು ಅನ್ನು ಸೇರಿದಾಗ ನಡುವೆ ಯ ಬಂದು ‘ಮನೆಯನ್ನು’ ಆಗುವುದಿಲ್ಲವೇ, ಹಾಗೆ.

ಇದನ್ನು ಅವನಿಗೆ ಹೇಳಿದೆ. “ಹಾಗಾದ್ರೆ ಆ ತ ಅವ್ರ ಮನೆಯೋರಲ್ಲ, ಬರೀ ಬಂದೋರು,” ಎಂದ. ಹೌದು, ಬಂದವರು.

ಅವನು ಮಲಗಿದ ಮೇಲೆ ನಾನು ಹುಡುಕುತ್ತಾ ಕೂತೆ. ಹತ್ತಾರು ಸಂಜೆಗಳು ಹಾಗೇ ಹೋದವು. ತಾಯಿಬೇರು ಒಂದು ಕಡೆ ಎಳೆಯುತ್ತದೆ, ಉಸಿರು ಇನ್ನೊಂದು ಕಡೆ ಎಳೆಯುತ್ತದೆ, ಫ್ರೆಂಚ್ ಪದ ನಡುವೆ ನಿಂತಿರುತ್ತದೆ: ನನಗೆ ಕಂಡದ್ದು ಇಷ್ಟು. ಬರವಣಿಗೆ ಬೇರಿನ ಪಕ್ಷ. ಮಾತು ಉಸಿರಿನ ಪಕ್ಷ. ಅವೆರಡೂ ಪದವನ್ನು ಕತ್ತರಿಸುವ ಜಾಗ ಒಂದೇ ಆಗಿರುವುದು ಅಪರೂಪ.

ಫ್ರೆಂಚ್ ಭಾಷೆಯ ಕಾವಲಿಗಿರುವ ಫ್ರೆಂಚ್ ಅಕಾಡೆಮಿ ಸ್ಥಾಪನೆಯಾದದ್ದು 1635ರಲ್ಲಿ. ನಿಘಂಟು ಮಾಡುವುದು ಅದಕ್ಕೆ ಒಪ್ಪಿಸಿದ ಮೊದಲ ಕೆಲಸಗಳಲ್ಲೊಂದು. ಅದು ಹೊರಬರಲು 1694ರವರೆಗೆ ಕಾಯಬೇಕಾಯಿತು. ಆ ಮೊದಲ ನಿಘಂಟಿನಲ್ಲಿ ಪದಗಳನ್ನು ಅಕಾರಾದಿಯಾಗಿ ಇಟ್ಟಿರಲಿಲ್ಲ, ಮನೆತನದ ಪ್ರಕಾರ ಇಟ್ಟಿದ್ದರು. ಬೇರಿನ ಪದ ದೊಡ್ಡಕ್ಷರದಲ್ಲಿ, ಅದರಡಿ ಮಕ್ಕಳು ಮೊಮ್ಮಕ್ಕಳು. ಒಂದು ಸಾಧಿತ ಪದ ಬೇಕೆಂದರೆ ಅದರ ಹಿರಿಯರು ಯಾರೆಂದು ಮೊದಲು ಗೊತ್ತಿರಬೇಕು. ಓದುಗರಿಗೆ ಇದು ಕಷ್ಟವಾಯಿತು. 1718ರ ಎರಡನೇ ಆವೃತ್ತಿಯಲ್ಲಿ ಎಲ್ಲವನ್ನೂ ಅಕಾರಾದಿಗೆ ತಂದರು. ಒಂದೇ ಮನೆಯವರು ನೂರಾರು ಪುಟಗಳ ಅಂತರದಲ್ಲಿ ಚದುರಿಹೋದರು. ಹುಡುಕಲು ಸುಲಭವಾಯಿತು, ಅದು ಒಳ್ಳೆಯದೇ. ಆದರೆ ಪದಗಳನ್ನು ಒಟ್ಟು ಕುಟುಂಬವಾಗಿ ಒಂದೇ ಸೂರಿನಡಿ ಕೂರಿಸಿದ ಆ ಮೊದಲ ಪುಸ್ತಕದ ಮೇಲೆ ನನಗೆ ಹೆಚ್ಚು ಪ್ರೀತಿ.

ಮನೆತನದ ಹೆಮ್ಮೆ ಇದ್ದಲ್ಲಿ ಸುಳ್ಳು ವಂಶಾವಳಿಯೂ ಹುಟ್ಟಿಕೊಳ್ಳುತ್ತದೆ. ಹಳೆಯ ಫ್ರೆಂಚಿನಲ್ಲಿ ತೂಕಕ್ಕೆ ಬರೆಯುತ್ತಿದ್ದ ಪದದಲ್ಲಿ ‘ಡಿ’ ಇರಲಿಲ್ಲ. ಲ್ಯಾಟಿನ್ನಿನಲ್ಲಿ ತೂಕಕ್ಕೆ ‘ಪೊಂದುಸ್’ ಎಂದಿದೆಯಲ್ಲ, ನಮ್ಮದು ಅದರಿಂದಲೇ ಬಂದಿರಬೇಕು ಎಂದುಕೊಂಡ ಪಂಡಿತರು ನಡುವೆ ಒಂದು ‘ಡಿ’ ಕೂರಿಸಿದರು. ಅದು ಬಂದದ್ದು ‘ಪೆನ್ಸುಮ್’ ಎಂಬ ಬೇರೆ ಪದದಿಂದ. ಇವತ್ತಿಗೂ ‘ಪ್ವಾ’ ಎಂದು ಉಚ್ಚರಿಸಿ, ಯಾರದೋ ಮನೆಯ ‘ಡಿ’ಯನ್ನು ಹೊತ್ತು ಬರೆಯುತ್ತಾರೆ. ಅದರ ನಿಜವಾದ ಒಡಹುಟ್ಟು ತೂಗುವುದು ಎಂಬ ‘ಪೆಜೇ’. ಅಲ್ಲಿ ‘ಡಿ’ಯ ಸುಳಿವೇ ಇಲ್ಲ. ಯೋಚಿಸುವುದು ಎಂಬ ‘ಪಾಂಸೇ’ ಕೂಡ ಅದೇ ಮನೆಯದು, ಪೆಜೇ ಮತ್ತು ಪಾಂಸೇ ಎರಡೂ ತೂಗು ಎಂಬ ಒಂದೇ ಲ್ಯಾಟಿನ್ ಕ್ರಿಯಾಪದದ ಮಕ್ಕಳು. ಅಳೆದು ತೂಗಿ ಮಾತಾಡು ಎಂದು ನಮ್ಮ ಹಿರಿಯರು ಹೇಳುವಾಗ ಅವರೂ ತಕ್ಕಡಿಯನ್ನೇ ತಲೆಯೊಳಗೆ ಇಟ್ಟವರು.

ಬೆರಳಿಗೆ ‘ದ್ವಾ’. ಅದರೊಳಗೆ ಮಾತಾಡದ ‘ಜಿ’ ಒಂದಿದೆ. ಅದು ಕೂಡ ಪಂಡಿತರು ತಂದು ಕೂರಿಸಿದ್ದೇ, ಆದರೆ ಅಲ್ಲಿ ಅವರು ಸರಿಯಾಗಿದ್ದರು. ಬೆರಳಿನ ಲ್ಯಾಟಿನ್ ಹೆಸರು ‘ದಿಗಿತುಸ್’. ಡಿಜಿಟಲ್ ಎಂದು ನಾವು ದಿನವೂ ಹೇಳುವಾಗ ಬೆರಳೆಣಿಕೆಯ ನೆನಪು ಅದರಲ್ಲಿದೆ. ಉಯಿಲಿನ ಮೂಲಕ ಬಿಟ್ಟುಹೋಗುವ ಆಸ್ತಿಗೆ ‘ಲೆ’ ಎಂದೇ ಇನ್ನೊಂದು ಪದವಿದೆ. ಬಿಡುವುದು ಎಂಬ ‘ಲೆಸೇ’ಯ ಮಗು ಅದು. ಯಾರೋ ಲ್ಯಾಟಿನ್ನಿನ ಬೇರೊಂದು ಪದ ನೆನೆದು ಅದಕ್ಕೂ ‘ಜಿ’ ಸೇರಿಸಿದರು. ಕಣ್ಣಿಗೆ ಕಂಡದ್ದನ್ನು ಬಾಯಿ ನಂಬಿತು. ಇವತ್ತು ಅದನ್ನು ‘ಲೆಗ್’ ಎಂದು ಹೇಳುವವರೂ ಇದ್ದಾರೆ.

ನಾವಿರುವ ಊರಿನ ನಡುಮಧ್ಯೆ ಕಾಪಿತೋಲ್ ಎಂಬ ಚೌಕವಿದೆ, ಅಲ್ಲೇ ನಗರಸಭೆ. ಫ್ರೆಂಚ್ ಕ್ರಾಂತಿಯವರೆಗೆ ತುಲೂಜ್ ನಗರವನ್ನು ಆಳಿದವರು ‘ಕಾಪಿತೂಲ್’ಗಳು, ಅಂದರೆ ನಗರದ ಹಿರಿಯರು. ಆ ಹೆಸರಿನ ಬೇರು ತಲೆ ಎಂಬ ಲ್ಯಾಟಿನ್ ‘ಕಾಪುತ್’. ಈ ಒಂದು ತಲೆಗೆ ಎಷ್ಟು ಮಕ್ಕಳು! ರಾಜಧಾನಿ ಎಂಬ ಕಾಪಿತಾಲ್, ದಳಪತಿ ಎಂಬ ಕಾಪಿತೆನ್, ಪುಸ್ತಕದ ಅಧ್ಯಾಯ ಎಂಬ ಶಾಪಿತ್ರ್, ಒಕ್ಕಲಿನ ದನಕರು ಎಂಬ ಶೆಪ್ತೆಲ್, ಅಡುಗೆಮನೆಯ ಯಜಮಾನ ಶೆಫ್. ಹಳೆಯ ಫ್ರೆಂಚಿನಲ್ಲಿ ಶೆಫ್ ಎಂದರೆ ನೇರವಾಗಿ ತಲೆಯೇ. ಟೋಪಿಗೆ ‘ಕುವ್ರ್-ಶೆಫ್’, ತಲೆಮುಚ್ಚುಗೆ, ಎಂಬ ಮಾತು ಇನ್ನೂ ಉಳಿದಿದೆ. ಇಲ್ಲಿಂದ ಪಶ್ಚಿಮಕ್ಕಿರುವ ಗಾಸ್ಕೊಞ್ ಸೀಮೆಯ ಮಾತಿನಲ್ಲಿ ನಾಯಕನಿಗೆ ‘ಕಾಪ್ದೆತ್’ ಎನ್ನುತ್ತಿದ್ದರು. ಅಲ್ಲಿನ ಪಾಳೆಯಗಾರರ ಕಿರಿಯ ಮಕ್ಕಳು ಆಸ್ತಿಯಿಲ್ಲದೆ ಸೈನ್ಯಕ್ಕೆ ಸೇರುತ್ತಿದ್ದದ್ದರಿಂದ ಅದು ಫ್ರೆಂಚಿನಲ್ಲಿ ‘ಕಾದೆ’ ಆಗಿ, ಕಿರಿಯ ಮಗ ಎಂಬ ಅರ್ಥ ಪಡೆಯಿತು. ನಾನು ಕಾಲೇಜಿನಲ್ಲಿ ಎನ್‌ಸಿಸಿ ಕೆಡೆಟ್ ಆಗಿದ್ದಾಗ ನನ್ನ ಹೆಸರಿನ ಹಿಂದೆ ಈ ಕಾಪುತ್ ಇತ್ತೆಂದು ತಿಳಿದಿರಲಿಲ್ಲ.

ಅದೇ ಕಾಪುತ್‌ನಿಂದ ಕೆಲವು ಕ ಎಂದೂ ಕೆಲವು ಶ ಎಂದೂ ಶುರುವಾಗುವುದು ಯಾಕೆ? ಉತ್ತರದ ಫ್ರೆಂಚಿನಲ್ಲಿ ಅ ಸ್ವರದ ಹಿಂದಿನ ಲ್ಯಾಟಿನ್ ಕ ಕಾಲಕ್ರಮೇಣ ಶ ಆಯಿತು. ಹಾಡುವುದು ‘ಕಾಂತಾರೆ’ಯಿಂದ ‘ಶಾಂತೇ’. ಮೇಕೆ ‘ಕಾಪ್ರಾ’ದಿಂದ ‘ಶೆವ್ರ್’. ಕೋಟೆ ‘ಕಾಸ್ತೆಲ್ಲುಮ್’‌ನಿಂದ ‘ಶಾತೋ’. ದಕ್ಷಿಣದ ಈ ಸೀಮೆಯ ಹಳೆಯ ಭಾಷೆ ಒಕ್ಸಿತಾನ್‌ನಲ್ಲಿ ಆ ಕ ಕದಲಲಿಲ್ಲ: ಕಾಂತಾ, ಕಾಬ್ರೊ, ಕಾಸ್ತೆಲ್. ತುಲೂಜ್ ಸುತ್ತಲಿನ ಕಾಸ್ತೆಲ್‌ಮೋರೂ, ಕಾಸ್ತೆಲ್‌ಜಿನೆ ಮುಂತಾದ ಊರುಗಳ ಹೆಸರಲ್ಲಿ ಕೋಟೆ ಇನ್ನೂ ಕಾಸ್ತೆಲ್ಲೇ. ಬೀದಿಫಲಕಗಳಲ್ಲಿ ಎರಡೂ ಭಾಷೆ ಒಟ್ಟಿಗೆ ಕಾಣುತ್ತವೆ. ಅವುಗಳನ್ನು ಓದುತ್ತಾ ನಡೆಯುವಾಗ ನನಗೆ ನೆನಪಾಗುವುದು ನಮ್ಮ ಪ-ಹ. ಹಳಗನ್ನಡದ ಪಾಲು ಹಾಲಾಯಿತು, ಪುಲಿ ಹುಲಿಯಾಯಿತು. ತಮಿಳು ಪಾಲನ್ನೂ ಪುಲಿಯನ್ನೂ ಹಾಗೇ ಇಟ್ಟುಕೊಂಡಿತು. ಒಡಹುಟ್ಟಿದ ಎರಡು ಭಾಷೆಗಳಲ್ಲಿ ಒಂದು ಬದಲಾಗುತ್ತದೆ, ಇನ್ನೊಂದು ಹಳೆಯದನ್ನು ಕಾಪಾಡುತ್ತದೆ.

ಇಷ್ಟೆಲ್ಲ ಮಕ್ಕಳನ್ನು ಪಡೆದ ಕಾಪುತ್ ಕೊನೆಗೆ ತನ್ನ ಸ್ವಂತ ಜಾಗವನ್ನೇ ಬಿಟ್ಟುಕೊಟ್ಟಿತು. ಇವತ್ತು ತಲೆಗೆ ಫ್ರೆಂಚಿನಲ್ಲಿ ‘ತೆತ್’. ಅದು ಲ್ಯಾಟಿನ್ನಿನ ‘ತೆಸ್ತಾ’, ಅಂದರೆ ಮಣ್ಣಿನ ಮಡಕೆ! ಜನ ತಲೆಯನ್ನು ಮಡಕೆ ಎಂದು ಆಡಿಕೊಂಡದ್ದೇ ಮುಂದೆ ಸಭ್ಯ ಪದವಾಯಿತು. ನಮ್ಮಲ್ಲೂ ತಲೆಗೆ ಬುರುಡೆ ಎನ್ನುವುದುಂಟು, ಸೋರೆಬುರುಡೆ ಎದುರಿಗಿದ್ದರೆ ಯಾರಿಗಾದರೂ ಹೊಳೆಯುವ ಹೋಲಿಕೆ ಅದು.

ತೆತ್ ಬರೆಯುವಾಗ ಮೊದಲ ‘ಇ’ಯ ಮೇಲೊಂದು ಪುಟ್ಟ ಮಾಡಿನಂಥ ಗುರುತು ಬರುತ್ತದೆ. ಹೋದ ‘ಎಸ್’ನ ಗುರುತು ಅದು. ತೆಸ್ತಾದಲ್ಲಿದ್ದ ಸ್ ಉಚ್ಚಾರದಿಂದ ಎಂದೋ ಕಳಚಿತ್ತು, ಬರವಣಿಗೆಯಲ್ಲಿ ಮಾತ್ರ ಉಳಿದಿತ್ತು. ಅಕಾಡೆಮಿಯ 1740ರ ಮೂರನೇ ಆವೃತ್ತಿ ಅಂಥ ಎಷ್ಟೋ ಪದಗಳ ‘ಎಸ್’ ತೆಗೆದು ಮೇಲೆ ಮಾಡು ಹಾಕಿತು. ಆದರೆ ಮನೆಯ ಬೇರೆಯವರು ಅದನ್ನು ಬಿಟ್ಟಿಲ್ಲ. ಕಾಡಿಗೆ ‘ಫೋರೆ’, ಕಾಡಿಗೆ ಸಂಬಂಧಿಸಿದ್ದು ‘ಫೋರೆಸ್ತಿಯೇ’. ಹಬ್ಬಕ್ಕೆ ‘ಫೆತ್’, ಉತ್ಸವಕ್ಕೆ ‘ಫೆಸ್ತಿವಾಲ್’. ಮೃಗಕ್ಕೆ ‘ಬೆತ್’, ಮೃಗೀಯಕ್ಕೆ ‘ಬೆಸ್ತಿಯಾಲ್’. ಆ ಮಾಡು ಹೊತ್ತ ಪದ ಕಂಡಾಗಲೆಲ್ಲ ಅಲ್ಲೊಂದು ಸ್ ಇಟ್ಟು ನೋಡುವ ಚಾಳಿ ನನಗೆ ಹತ್ತಿದೆ. ಮಗನ ಮೇತ್ರೆಸ್‌ಗೂ ಹಾಗೇ ಇಟ್ಟು ನೋಡಿದೆ. ಪುಲ್ಲಿಂಗದಲ್ಲಿ ಅದು ‘ಮೆತ್ರ್’, ಹಿಂದಿನ ಬರವಣಿಗೆಯಲ್ಲಿ ಸ್ ಇತ್ತು, ಲ್ಯಾಟಿನ್ ‘ಮಾಗಿಸ್ತೆರ್’ನ ವಂಶ. ಸ್ ಹಾಕಿ ಜೋರಾಗಿ ಹೇಳಿದಾಗ ಬಂದದ್ದು ಮೇಷ್ಟ್ರು! ಫ್ರಾನ್ಸ್ ಕಳೆದುಕೊಂಡ ಸ್ ನಮ್ಮ ಮೇಷ್ಟ್ರ ಷ್ ಆಗಿ ತೀರ್ಥಹಳ್ಳಿಯಲ್ಲಿತ್ತು. ನಮ್ಮಪ್ಪಯ್ಯ ಕನ್ನಡ ಮೇಷ್ಟ್ರು.

ಹೋಟೆಲಿನ ಕಥೆ ಇದಕ್ಕಿಂತ ಉದ್ದ. ತುಲೂಜ್‌ಗೆ ಬಂದ ಹೊಸತರಲ್ಲಿ ಗರೋನ್ ನದಿಯ ದಡದ ದೊಡ್ಡ ಕಟ್ಟಡದ ಮೇಲೆ ಓತೆಲ್-ದಿಯು ಎಂದು ಓದಿ ಯಾವುದೋ ದುಬಾರಿ ಹೋಟೆಲೆಂದು ತಿಳಿದಿದ್ದೆ. ಅದು ದೇವರ ಓತೆಲ್, ಶತಮಾನಗಳ ಕಾಲ ಬಡವರ ಆಸ್ಪತ್ರೆ. ಅತಿಥಿ ಎಂಬ ‘ಹೊಸ್ಪೆಸ್’ನಿಂದ ಲ್ಯಾಟಿನ್ನಿನಲ್ಲಿ ‘ಹೊಸ್ಪಿತಾಲೆ’, ಅತಿಥಿಗಳನ್ನು ಇಳಿಸಿಕೊಳ್ಳುವ ಮನೆ. ಅದು ಜನರ ಬಾಯಲ್ಲಿ ಸವೆದೂ ಸವೆದೂ ‘ಓತೆಲ್’ ಆಯಿತು. ಆಮೇಲೆ ಓದು ಬಲ್ಲವರು ಅದೇ ಪದವನ್ನು ಲ್ಯಾಟಿನ್ನಿನಿಂದ ಮತ್ತೊಮ್ಮೆ, ಹೆಚ್ಚು ಸವೆಯದ ರೂಪದಲ್ಲಿ ತಂದರು, ಅದು ‘ಓಪಿತಾಲ್’. ಒಂದೇ ಪದ ಎರಡು ಬಾಗಿಲಿನಿಂದ ಮನೆಯೊಳಗೆ ಬಂದು ಎರಡು ಕೋಣೆ ಹಿಡಿಯಿತು. ಕೇಳುವುದು ಎಂಬ ‘ಎಕೂತೇ’, ವೈದ್ಯರು ಎದೆಗೆ ಸ್ಟೆತಸ್ಕೋಪ್ ಇಟ್ಟು ಕೇಳುವ ‘ಓಸ್ಕುಲ್ತೇ’, ಇವೂ ಹಾಗೇ ಅವಳಿ. ಕೃಶವಾದದ್ದು ‘ಫ್ರೆಲ್’, ಒಡೆದುಹೋಗುವಂಥದ್ದು ‘ಫ್ರಾಜಿಲ್’, ಇವೂ.

ತತ್ಸಮ ತದ್ಭವ ಓದಿದ ಯಾವ ಕನ್ನಡಿಗರಿಗೂ ಇದು ಹೊಸ ಪಾಠವಲ್ಲ. ವರ್ಣ ಬಣ್ಣವಾಯಿತು, ಮುಖ ಮೊಗವಾಯಿತು, ಮೂಲವೂ ಉಳಿಯಿತು. ವರ್ಣ ಅಕ್ಷರದ ಕಡೆಗೂ ಜಾತಿಯ ಕಡೆಗೂ ಹೋಯಿತು, ಬಣ್ಣ ಗೋಡೆಗೆ, ಸೀರೆಗೆ, ವೇಷಕ್ಕೆ ಬಂತು. ಸವೆದ ಮಗು ಮನೆಗೆಲಸ ಮಾಡುತ್ತದೆ, ಸವೆಯದ ಮಗು ಪುಸ್ತಕದಲ್ಲಿ ಕೂರುತ್ತದೆ. ಇನ್ನೊಂದು ಸಂಗತಿಯೂ ಇದೆ: ನಾವು ದೋಸೆ ತಿನ್ನಲು ಹೋಗುವ ಹೋಟೆಲು, ಜ್ವರ ಬಂದಾಗ ಹೋಗುವ ಆಸ್ಪತ್ರೆ, ಎರಡೂ ಕನ್ನಡದಲ್ಲಿ ಅದೇ ಹೊಸ್ಪಿತಾಲೆಯ ಸಂತತಿ. ಒಂದು ಓತೆಲ್‌ನ ದಾರಿಯಲ್ಲಿ, ಇನ್ನೊಂದು ಹಾಸ್ಪಿಟಲ್‌ನ ದಾರಿಯಲ್ಲಿ. ತೀರ್ಥಹಳ್ಳಿಯ ಒಂದೇ ಬೀದಿಯಲ್ಲಿ ಎದುರುಬದುರು ನಿಂತಿದ್ದರೂ ಅಕ್ಕತಂಗಿಯರೆಂದು ಯಾರಿಗೂ ಗೊತ್ತಾಗುವುದಿಲ್ಲ.

ಇಲ್ಲಿಯವರೆಗಿನದು ಬೇರಿನ ಮಾತು. ಉಸಿರಿನ ಮಾತು ಶುರುವಾದದ್ದು ಮಗ ಚಪ್ಪಾಳೆ ತಟ್ಟಿದಾಗ.

ಪದದಲ್ಲಿ ಎಷ್ಟು ಉಚ್ಚಾರದ ತುಂಡುಗಳಿವೆಯೆಂದು ಮಕ್ಕಳು ಕೈತಟ್ಟಿ ಎಣಿಸುತ್ತಾರೆ. ಅವಕ್ಕೆ ‘ಸಿಲಾಬ್’ ಎನ್ನುತ್ತಾರೆ. ‘ಪೆತೀತ್’, ಅಂದರೆ ಚಿಕ್ಕವಳು. ನಾನು ಎರಡು ತಟ್ಟಿದೆ: ಪೆ-ತೀತ್. ಅವನು ಮೂರು ತಟ್ಟಿದ: ಪೆ-ತೀ-ತೆ. ನಾನು ಕಲಿತ ಫ್ರೆಂಚ್ ಪ್ಯಾರಿಸ್ಸಿನ ಉಚ್ಚಾರದ್ದು. ಅಲ್ಲಿ ಪದಾಂತ್ಯದ ‘ಇ’ ನುಂಗಿಹೋಗುತ್ತದೆ, ಅವಸರದಲ್ಲಿ ‘ಪ್ತೀತ್’ ಎಂದು ಒಂದೇ ತುಂಡಾಗುವುದೂ ಉಂಟು. ಅವನು ಕಲಿತದ್ದು ತುಲೂಜ್‌ನ ಆಟದ ಮೈದಾನದಲ್ಲಿ. ದಕ್ಷಿಣದವರು ಆ ಕೊನೆಯ ‘ಇ’ಯನ್ನು ಮೆಲ್ಲಗೆ ಹೇಳುತ್ತಾರೆ. ಕೆಂಪು ಇಟ್ಟಿಗೆಯ ಈ ಊರನ್ನು ‘ಗುಲಾಬಿ ನಗರ’ ಎಂದು ಕರೆಯುವ ವಾಡಿಕೆ. ಪ್ಯಾರಿಸ್ಸಿನವರ ಬಾಯಲ್ಲಿ ಅದು ಲಾ-ವಿಲ್-ರೋಜ್, ಮೂರು ತುಂಡು. ಇಲ್ಲಿನವರ ಬಾಯಲ್ಲಿ ಲಾ-ವಿ-ಲೆ-ರೋ-ಜೆ, ಐದು. ಹಳೆಯ ಫ್ರೆಂಚ್ ಕಾವ್ಯದ ನಿಯಮವೂ ಮಗನ ಕಡೆಗೇ ಇದೆ. 12 ತುಂಡುಗಳ ಅಲೆಕ್ಸಾಂದ್ರಾಂ ಸಾಲಿನಲ್ಲಿ ಪದಾಂತ್ಯದ ‘ಇ’ಯ ಮುಂದೆ ವ್ಯಂಜನ ಬಂದರೆ ಅದನ್ನು ಎಣಿಸಲೇಬೇಕು, ಸ್ವರ ಬಂದರೆ ಬಿಡಬೇಕು.

ಬರೆಯುವಾಗ ಸಾಲು ತುಂಬಿ ಪದವನ್ನು ಮುರಿಯಬೇಕಾದರೆ ಅದಕ್ಕೂ ಕಟ್ಟಳೆಯಿದೆ. ಎರಡು ಸ್ವರಗಳ ನಡುವೆ ಒಂದೇ ವ್ಯಂಜನವಿದ್ದರೆ ಅದು ಮುಂದಿನ ಸ್ವರಕ್ಕೆ ಸೇರುತ್ತದೆ. ಎರಡಿದ್ದರೆ ನಡುವೆ ಮುರಿ. ಆದರೆ ಎರಡನೆಯದು ರ ಅಥವಾ ಲ ಆಗಿದ್ದರೆ ಸಾಮಾನ್ಯವಾಗಿ ಮುರಿಯುವಂತಿಲ್ಲ: ತಾ-ಬ್ಲೋ, ಪಾ-ತ್ರಿ. ಇದನ್ನು ಫೋನಿನಲ್ಲಿ ಹೇಳಿದಾಗ ಅಪ್ಪಯ್ಯ ಎದ್ದು ಕೂತರು.

“ಮಾರಾಯ್ತಿ, ಇದು ನಮ್ಮ ಛಂದಸ್ಸೇ ಅಲ್ವಾ? ಒತ್ತಕ್ಷರದ ಹಿಂದಿನ ಅಕ್ಷರ ಗುರು ಅಂತ ಯಾಕೆ ಹೇಳೋದು? ಕನ್ನಡ ಅಂತ ಬರೀವಾಗ ಕ, ನ್ನ, ಡ. ಹೇಳುವಾಗ ಕನ್, ನ, ಡ. ಮೊದಲಿನ ನ್ ಹಿಂದಕ್ಕೆ ಬೀಳ್ತದೆ, ಅದಕ್ಕೇ ಕ ಗುರು.”

“ಆದ್ರೆ ಇವ್ರಲ್ಲಿ ರ ಬಂದ್ರೆ ಹಿಂದಕ್ಕೆ ಬೀಳಲ್ಲ ಅಪ್ಪಯ್ಯ.”

“ನಮ್ಮಲ್ಲೂ ಶಿಥಿಲದ್ವಿತ್ವ ಇಲ್ವಾ? ರ, ಲ, ಳ ಜಾತಿಯವು ಸೇರಿದ ಒತ್ತು ಹಳಗನ್ನಡದಲ್ಲಿ ಕೆಲವು ಸಲ ಸಡಿಲ ಆಗಿ, ಹಿಂದಿನದು ಲಘುವಾಗೇ ಉಳೀತದೆ. ನಮ್ಮಲ್ಲಿ ಅವು ಮೊದಲು ಬರ್ತವೆ, ಅವರಲ್ಲಿ ಆಮೇಲೆ. ಆದ್ರೂ ನಾಲಿಗೆ ನಾಲಿಗೆಯೇ.”

ಅವರಿಗೀಗ ಎಪ್ಪತ್ತೆಂಟು. ಫ್ರೆಂಚ್ ಒಂದಕ್ಷರ ಬರುವುದಿಲ್ಲ. ಆದರೂ ಫ್ರೆಂಚಿನ ಬಗ್ಗೆ ನಾನು ಕೇಳಿದ ಅತಿ ಒಳ್ಳೆಯ ಪಾಠಗಳಲ್ಲಿ ಇದೊಂದು.

ಮಾತಿನಲ್ಲಿ ಉಸಿರು ಪದದ ಗಡಿಯನ್ನೂ ಲೆಕ್ಕಿಸುವುದಿಲ್ಲ. ‘ಪೆತಿ’ ಎಂದರೆ ಚಿಕ್ಕವನು, ಕೊನೆಗೆ ಮಾತಾಡದ ‘ಟಿ’. ‘ಆಮಿ’ ಎಂದರೆ ಗೆಳೆಯ. ಎರಡನ್ನೂ ಸೇರಿಸಿ ಹೇಳಿದರೆ ಪೆ-ತಿ-ತಾ-ಮಿ. ಇಷ್ಟು ಹೊತ್ತು ಸುಮ್ಮನಿದ್ದ ಅಕ್ಷರ ಮುಂದೊಂದು ಸ್ವರ ಕಂಡ ಕೂಡಲೆ ಎದ್ದು ಪಕ್ಕದ ಮನೆಯೊಳಗೆ ಹೋಗಿ ಕೂತಿತು! ನಮ್ಮ ಸಂಧಿಯೂ ಇದೇ ಕೆಲಸ ಮಾಡುತ್ತದೆ, ಆದರೆ ನಾವು ಅದನ್ನು ಬರೆದು ತೋರಿಸುತ್ತೇವೆ. ಇವರು ಕಣ್ಣಿಗೆ ಎರಡು ಪದ ಬೇರೆಬೇರೆಯಾಗಿಯೇ ಇಟ್ಟು, ಕಿವಿಗೆ ಮಾತ್ರ ಬೆಸೆಯುತ್ತಾರೆ. ಇನ್ನೂ ವಿಚಿತ್ರವೆಂದರೆ ಗ್ರಾಂ. ಮಹಾಪುರುಷ ಎಂಬುದು ‘ಗ್ರಾಂ-ತೋಮ್’. ಮನೆತನ ಕಲಿಸಿದ್ದು ದ. ಬೆಸುಗೆಯಲ್ಲಿ ಕೇಳುವುದು ತ.

ಬೇರು ಮತ್ತು ಉಸಿರಿನ ಎಳೆದಾಟವನ್ನು ಒಂದೇ ಪದದಲ್ಲಿ ನೋಡಬೇಕೆಂದರೆ ಇಲ್ಲಿನ ಮಕ್ಕಳು ಅತಿ ಉದ್ದದ ಪದವೆಂದು ಹೆಮ್ಮೆಯಿಂದ ಹೇಳುವ ಆಂತಿಕೋಂಸ್ತಿತ್ಯುಸಿಯೊನೆಲ್‌ಮಾಂ ಸಾಕು. 25 ಅಕ್ಷರ, ಅರ್ಥ ಸಂವಿಧಾನಕ್ಕೆ ವಿರುದ್ಧವಾಗಿ. ಮಗ ಒಂಬತ್ತು ಚಪ್ಪಾಳೆ ತಟ್ಟಿದ, ಉತ್ತರದವರು ಎಂಟು ತಟ್ಟುತ್ತಾರೆ. ಇದರ ನಡುವೆ ಅಡಗಿರುವ ಬೇರು ನಿಲ್ಲು ಎಂಬ ‘ಸ್ತಾ’. ಸಂಸ್ಕೃತದ ಸ್ಥಾ, ಸ್ಥಾನ, ಸ್ಥಿತಿ ಅದರದೇ ದೂರದ ನೆಂಟರು. ಕೂಡಿ ಎಂಬ ‘ಕೋಂ’ ಅದಕ್ಕೆ ಮುಂದೆ ಸೇರಿದೆ. ಕಟ್ಟಿದ ರೀತಿಯಲ್ಲಿ ನಮ್ಮ ಸಂಸ್ಥೆಯ ಹಾಗೇ. ಆದರೆ ಫ್ರೆಂಚ್ ಉಸಿರು ಇದನ್ನು ಕೋಂಸ್-ತಿ ಎಂದು ಕತ್ತರಿಸುತ್ತದೆ, ಅಂದರೆ ಬೇರಿನ ಸ್ ಒಂದು ಕಡೆ, ತ್ ಒಂದು ಕಡೆ. ಬೇರನ್ನು ನಡುವೆಯೇ ಸೀಳಿದ ಹಾಗೆ. ನಮ್ಮ ಛಂದಸ್ಸೂ ಸಂಸ್-ಥೆ ಎಂದೇ ಸೀಳುತ್ತದೆ. ನಮ್ಮ ಲಿಪಿ ಮಾತ್ರ ಸಂ-ಸ್ಥೆ ಎಂದು ಬರೆದು ಬೇರನ್ನು ಇಡಿಯಾಗಿ ಕಾಪಾಡಿದೆ. ಈ ಒಂದು ಒತ್ತಕ್ಷರವನ್ನು ನಾನು ಆ ರಾತ್ರಿ ತುಂಬಾ ಹೊತ್ತು ನೋಡಿದೆ. ಚಿಕ್ಕಂದಿನಿಂದ ಬರೆದದ್ದನ್ನು ಹೊಸದಾಗಿ ನೋಡುವುದು ಅಷ್ಟು ಸುಲಭವಾಗಿ ಸಿಗುವ ಸುಖವಲ್ಲ.

ಸೀಳಿದ ತುಂಡುಗಳು ಕೆಲವೊಮ್ಮೆ ಸ್ವಂತ ಬದುಕು ಕಟ್ಟಿಕೊಳ್ಳುತ್ತವೆ. ಹೆಲಿಕಾಪ್ಟರ್‌ಗೆ ಹೆಸರಿಟ್ಟದ್ದು 1861ರಲ್ಲಿ ಗುಸ್ತಾವ್ ದ ಪೋಂತೋಂ ದಾಮೆಕೂರ್ ಎಂಬ ಫ್ರೆಂಚಿನವ. ಗ್ರೀಕಿನ ಸುರುಳಿ ‘ಹೆಲಿಕೋ’, ರೆಕ್ಕೆ ‘ಪ್ತೆರೋನ್’, ಸುರುಳಿರೆಕ್ಕೆ. ಆದರೆ ಎ-ಲಿ-ಕೋಪ್-ತೆರ್ ಎಂದು ಹೇಳುವ ನಾಲಿಗೆಗೆ ಪ್ತ್ ಎಂಬ ಜೋಡಿ ಹಿಡಿಸಲಿಲ್ಲ, ರೆಕ್ಕೆಯ ಪ್ ಸುರುಳಿಗೆ ಅಂಟಿಕೊಂಡಿತು. ಹೆಲಿಪೋರ್ಟ್, ಹೆಲಿಪ್ಯಾಡ್ ಎಂದು ಜಗತ್ತು ಹೆಲಿಯೊಂದನ್ನೇ ಕಿತ್ತುಕೊಂಡದ್ದು ಹೀಗೆ. ಇಲ್ಲಿನ ಹದಿಹರೆಯದವರು ತುಂಡುಗಳನ್ನು ಹಿಂದುಮುಂದು ಮಾಡಿ ಆಡುವ ವೆರ್ಲಾಂ ಎಂಬ ಮಾತೂ ಇದೇ ಉಸಿರಿನ ಕೂಸು. ಮೆತ್ರೋ ಅವರಿಗೆ ತ್ರೋಮೆ, ಮೆರ್ಸಿ ಅವರಿಗೆ ಸಿಮೆರ್. ವೆರ್ಲಾಂ ಎಂಬುದೇ ತಲೆಕೆಳಗು ಎಂಬ ‘ಲಾಂವೆರ್’ ಅನ್ನು ತಿರುಗಿಸಿ ಇಟ್ಟ ಹೆಸರು. ಅಂಥ ಪದಕ್ಕೆ ಮನೆಯವರನ್ನು ಕರೆದರೆ ಯಾರೂ ಗುರುತು ಹಿಡಿಯಲಾರರು.

ಎಲ್ಲಕ್ಕಿಂತ ದೊಡ್ಡ ಪ್ರಯಾಣ ಮಾಡಿದ ತುಂಡು ‘ಬಸ್’. 1826ರಲ್ಲಿ ನಾಂತ್ ಪಟ್ಟಣದಲ್ಲಿ, 1828ರಲ್ಲಿ ಪ್ಯಾರಿಸ್ಸಿನಲ್ಲಿ, ಯಾರು ಬೇಕಾದರೂ ಹತ್ತಬಹುದಾದ ಕುದುರೆಗಾಡಿಗಳು ಓಡಿದವು. ಹೆಸರು ‘ಓಮ್ನಿಬುಸ್’, ಲ್ಯಾಟಿನ್ನಿನಲ್ಲಿ ಎಲ್ಲರಿಗೂ ಎಂದರ್ಥ. ಎಲ್ಲರು ಎಂಬ ಅರ್ಥ ಇರುವುದು ‘ಓಮ್ನಿ’ಯಲ್ಲಿ. ಬುಸ್ ಬರೀ ವಿಭಕ್ತಿಯ ಬಾಲ, ನಮ್ಮ ಗೆ-ಇಗೆ ಇದ್ದ ಹಾಗೆ. ಉಸಿರು ಬೇರನ್ನು ಎಸೆದು ಬಾಲ ಇಟ್ಟುಕೊಂಡಿತು. ಆ ಬಾಲ ನಮ್ಮೂರಿಗೆ ಬಸ್ಸಾಗಿ ಬಂತು. ಇಲ್ಲಿ, ತುಲೂಜ್ ಪಕ್ಕದ ಬ್ಲಾಞಾಕ್‌ನಲ್ಲಿ, ಅದೇ ಬಾಲ ಏರ್‌ಬಸ್ ಎಂಬ ಹೆಸರಿನಲ್ಲಿ ನಮ್ಮ ಮನೆ ಮೇಲೆ ಹಾರುತ್ತದೆ.

ಹಾರುವುದೆಂದರೆ ಈ ಸೀಮೆಗೆ ಇನ್ನೂ ಒಂದು ಹಕ್ಕಿದೆ. ವಿಮಾನಕ್ಕೆ ‘ಆವಿಯೋಂ’ ಎಂದು ಹೆಸರಿಟ್ಟ ಕ್ಲೆಮಾಂ ಆದೆರ್ ಹುಟ್ಟಿದ್ದು ತುಲೂಜ್‌ಗೆ ದಕ್ಷಿಣದ ಮ್ಯುರೆಯಲ್ಲಿ, 1841ರಲ್ಲಿ. ಹಕ್ಕಿ ಎಂಬ ಲ್ಯಾಟಿನ್ ‘ಆವಿಸ್’ನಿಂದ ಆ ಹೆಸರು ಕಟ್ಟಿದರು. ಹಕ್ಕಿಗೆ ಫ್ರೆಂಚಿನಲ್ಲಿ ‘ವಾಜೋ’. ಆರು ಅಕ್ಷರದಲ್ಲಿ ಐದೂ ಸ್ವರಗಳನ್ನು ಬರೆಯುತ್ತಾರೆ, ನಡುವೆ ಒಂದು ‘ಎಸ್’. ಯಾವ ಅಕ್ಷರವೂ ತನ್ನ ಸಹಜ ದನಿಯಲ್ಲಿ ಕೇಳಿಸುವುದಿಲ್ಲ. ವಾಜೋ ಕೂಡ ಆವಿಸ್‌ನ ವಂಶವೇ, ಪುಟ್ಟ ಹಕ್ಕಿ ಎಂಬ ರೂಪದಿಂದ ಇಳಿದುಬಂದದ್ದು. ಸಾವಿರ ವರ್ಷ ಬಾಯಲ್ಲಿ ಉರುಳಿದ ವಾಜೋ, ಪುಸ್ತಕದಿಂದ ನೇರ ಎದ್ದ ಆವಿಯೋಂ. ಮಗ ಎರಡರ ಚಿತ್ರವನ್ನೂ ಒಂದೇ ಕೊಂಬೆಯ ಮೇಲೆ ಬರೆದ.

ನಿನ್ನೆಯ ಮನೆಪಾಠದಲ್ಲಿ ಬಂದ ಪದ ‘ಓಜೂರ್‌ದ್ವಿ’, ಇವತ್ತು. ಮೂರು ಚಪ್ಪಾಳೆ. ಮನೆಯವರು ಯಾರು ಎಂದು ಕೇಳಿದ್ದರು. ಇದನ್ನು ಬಿಡಿಸಿದರೆ ‘ಓ ಜೂರ್ ದ್ ವಿ’, ಇವತ್ತಿನ ದಿನದಲ್ಲಿ. ಕೊನೆಯ ‘ವಿ’ ಒಂದು ಕಾಲದಲ್ಲಿ ಒಂಟಿಯಾಗಿಯೇ ಇವತ್ತು ಎಂಬ ಅರ್ಥ ಕೊಡುತ್ತಿತ್ತು. ‘ಹೊದಿಯೆ’, ಅಂದರೆ ಈ ದಿನ ಎಂಬ ಲ್ಯಾಟಿನ್ ಮಾತು ಸವೆದು ಆದದ್ದು. ತೀರಾ ಪುಟ್ಟದಾಯಿತೆಂದು ಜನ ಅದಕ್ಕೆ ದಿನ ಎಂಬ ‘ಜೂರ್’ ಸೇರಿಸಿದರು. ಜೂರ್ ಕೂಡ ಹಗಲಿನ ಎಂಬ ‘ದಿಉರ್ನುಮ್’‌ನಿಂದ, ಅದೇ ‘ದಿಯೆಸ್’ ಮನೆಯಿಂದ ಬಂದದ್ದು. ನಮ್ಮ ದಿವಸವೂ ದೂರದಲ್ಲಿ ಅದೇ ಬಳಗ. ಅಂದರೆ ಒಂದೇ ಪದದೊಳಗೆ ದಿಯೆಸ್‌ನ ಎರಡು ಮಕ್ಕಳು ಪಕ್ಕಪಕ್ಕ ಕೂತಿವೆ, ಎರಡರಲ್ಲೂ ದ ಉಳಿದಿಲ್ಲ. ನಡುವೆ ಕೇಳಿಸುವ ದ್ ಮನೆಯದಲ್ಲ, ಅದು ‘ಇವತ್ತಿನ’ ಎನ್ನುವಾಗ ಬರುವ ‘ಇನ’ದ ಅರ್ಥದ ಬೇರೆ ಪದ.

“ಅದೂ ಬಂದೋರು,” ಎಂದ ಮಗ.

ಹಾಗಾದರೆ ದ ಉಳಿಸಿಕೊಂಡ ದಿಯೆಸ್ ಮಕ್ಕಳು ಯಾರೂ ಇಲ್ಲವೇ ಎಂದು ಕೇಳಿದೆ. ಪೆನ್ಸಿಲ್ ಕಚ್ಚಿಕೊಂಡು ಗೋಡೆಯ ಕ್ಯಾಲೆಂಡರ್ ನೋಡುತ್ತಾ ಕೂತ. ಆಮೇಲೆ ಒಂದೇ ಉಸಿರಿಗೆ ಶುರುಮಾಡಿದ: ಲಂದಿ, ಮಾರ್ದಿ, ಮೆರ್ಕ್ರೆದಿ, ಜುದಿ, ವಾಂದ್ರೆದಿ, ಸಾಮ್ದಿ. ವಾರದ ಆರು ದಿನಗಳೂ ‘ದಿ’ ಎಂದು ಮುಗಿಯುತ್ತವೆ. “ಆದಿತ್ಯವಾರ ಉಲ್ಟಾ ಅಮ್ಮಾ! ದಿಮಾಂಶ್. ಅದರಲ್ಲಿ ದಿ ಮೊದಲೇ ಬಂತು!”

ಏಳನ್ನೂ ಬರೆದು, ಕೆಳಗೆ ತಾನಾಗಿಯೇ ಇನ್ನೊಂದು ಸೇರಿಸಿದ: ‘ಮಿದಿ’. ನಡುಹಗಲು. ಫ್ರಾನ್ಸಿನವರು ಸೂರ್ಯ ಮಧ್ಯಾಹ್ನ ನಿಲ್ಲುವ ದಿಕ್ಕೆಂದು ದಕ್ಷಿಣವನ್ನೂ ಮಿದಿ ಎನ್ನುತ್ತಾರೆ, ನಾವಿರುವುದೂ ಅಲ್ಲೇ. ಮೇತ್ರೆಸ್‌ಗೆ ತೋರಿಸಬೇಕೆಂದು ನೋಟ್‌ಬುಕ್ಕನ್ನು ಚೀಲದೊಳಗೆ ಇಟ್ಟ. ಕೆಂಪು ಗೆರೆ ಬಿದ್ದ ಅಬ್ರಿಯ ನಾಲ್ಕು ಪುಟ ಆಚೆಗೆ ಈ ದಿಯೆಸ್ ಮನೆತನ ಇದೆ.